ಜಿಂಜರ್‌ಬ್ರೆಡ್ ಮನೆ ನಿಲ್ಲುವುದು ಹೇಗೆ?

ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣ-ತಂಗಿಯರ ಕಥೆಯನ್ನು ನೀವು ಓದಿರಬಹುದು. ಶಿಕ್ಷಕರಾಗಿದ್ದರೆ ತರಗತಿಯಲ್ಲಿ ಹೇಳಿಯೂ ಇರಬಹುದು. ಕಾಡಿನಲ್ಲಿ ದಾರಿ ತಪ್ಪಿದ ಮಕ್ಕಳಿಗೆ ತಿಂಡಿಯಿಂದಲೇ ಕಟ್ಟಿದ ಪುಟ್ಟ ಮನೆಯೊಂದು ಕಾಣಿಸುತ್ತದೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಈ ಮನೆಯ ಗೋಡೆ ಬ್ರೆಡ್ಡಿನದು, ಚಾವಣಿ ಕೇಕಿನದು, ಕಿಟಕಿಗಳು ಸಕ್ಕರೆಯವು. ಕಥೆಗೆ ಇದು ಸರಿ. ಆದರೆ ನಿಜವಾಗಿ ಕಟ್ಟಲು ಹೊರಟರೆ ಬ್ರೆಡ್ಡಿನ ಗೋಡೆ ಕೇಕಿನ ಚಾವಣಿಯ ಭಾರಕ್ಕೆ ಕುಸಿಯುತ್ತದೆ. ಮೂರರಲ್ಲಿ ನಂಬಬಹುದಾದ ವಸ್ತು ಸಕ್ಕರೆ ಮಾತ್ರ. ಜರ್ಮನಿಯಲ್ಲೂ ಯೂರೋಪು, ಅಮೆರಿಕಗಳ ಇತರೆಡೆಗಳಲ್ಲೂ ಕ್ರಿಸ್‌ಮಸ್ ವೇಳೆಗೆ ಮನೆಮಂದಿ ಸೇರಿ ಕಟ್ಟುವ ಪುಟ್ಟ ಮನೆಗಳು ಜಿಂಜರ್‌ಬ್ರೆಡ್ಡಿನವು. ಅವು ವಾರಗಟ್ಟಲೆ ನಿಲ್ಲುತ್ತವೆ. ಹೇಗೆ ನಿಲ್ಲುತ್ತವೆ ಎಂದು ಹುಡುಕಿದರೆ ಅಲ್ಲಿಯೂ ಸಿಗುವ ಉತ್ತರ ಸಕ್ಕರೆಯೇ. ಯಾವಾಗ ಬೀಳುತ್ತವೆ ಎಂದು ಕೇಳಿದರೆ ಉತ್ತರ ನೀರು.

ಹೆಸರಿನಲ್ಲಿ ‘ಬ್ರೆಡ್’ ಇದ್ದರೂ ಜಿಂಜರ್‌ಬ್ರೆಡ್ ಬ್ರೆಡ್ ಅಲ್ಲ. ಸಕ್ಕರೆಯಲ್ಲಿ ಹಾಕಿಟ್ಟ ಶುಂಠಿಗೆ ಹಳೆಯ ಫ್ರೆಂಚ್ ಭಾಷೆಯಲ್ಲಿದ್ದ ಪದದ ಕೊನೆಯ ಭಾಗ ಇಂಗ್ಲಿಷರ ಬಾಯಲ್ಲಿ ‘ಬ್ರೆಡ್’ ಆಯಿತು. ನಮ್ಮ ಕಣ್ಣಿಗೆ ಇದು ಮಸಾಲೆ ಹಾಕಿದ ಗಟ್ಟಿ ಬಿಸ್ಕತ್ತು. ಜರ್ಮನಿಯಲ್ಲಿ ಇದರ ಬಂಧುವಾದ ಲೆಬ್‌ಕುಕನ್‌ಗೆ ನ್ಯೂರೆಂಬರ್ಗ್ ನಗರ ಹೆಸರುವಾಸಿ. ಸುತ್ತಲಿನ ಕಾಡಿನಲ್ಲಿ ಜೇನು ಹೇರಳವಾಗಿತ್ತು. ಭಾರತದ ಪಶ್ಚಿಮ ಕರಾವಳಿಯಿಂದ ಹೊರಟ ಶುಂಠಿ, ಮೆಣಸು, ಏಲಕ್ಕಿ ವೆನಿಸ್ ನಗರದ ಮೂಲಕ ಅಲ್ಲಿನ ವರ್ತಕರ ಕೈ ಸೇರುತ್ತಿದ್ದವು. 1643ರಲ್ಲಿ ಆ ಊರಿನ ಲೆಬ್‌ಕುಕನ್ ತಯಾರಕರಿಗೆ ತಮ್ಮದೇ ವೃತ್ತಿಸಂಘ ದೊರೆಯಿತು. ಆದರೆ ಒಂದು ಮಾತು: ತಿನ್ನಲು ಶ್ರೇಷ್ಠವೆನಿಸಿದ ನ್ಯೂರೆಂಬರ್ಗಿನ ಲೆಬ್‌ಕುಕನ್‌ನಲ್ಲಿ ಬಾದಾಮಿ, ಹೇಜಲ್‌ಕಾಯಿಗಳ ಪುಡಿಯೇ ಹೆಚ್ಚು, ಹಿಟ್ಟು ಇಲ್ಲವೆನ್ನುವಷ್ಟು ಕಡಿಮೆ. ಅದು ಮೆತ್ತಗಿರುತ್ತದೆ, ಅದರಿಂದ ಮನೆ ಕಟ್ಟಲಾಗದು. ನಾಲಿಗೆಗೆ ಹಿತವಾದದ್ದು ಗೋಡೆಗೆ ಹಿತವಲ್ಲ ಎಂಬ ಈ ವಿರೋಧ ಮುಂದೆಯೂ ಬರುತ್ತದೆ.

ಗೋಡೆಯೊಳಗಿನ ಗಾಜು

ಮೈದಾಕ್ಕೆ ನೀರು ಹಾಕಿ ನಾದಿದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ರಬ್ಬರಿನಂಥ ಜಾಲವಾಗುತ್ತವೆ. ಹೋಳಿಗೆಯ ಕಣಕ ಎಳೆದಂತೆ ಹಿಗ್ಗುವುದು ಇದರಿಂದಲೇ. ಬ್ರೆಡ್ಡಿಗೆ ಈ ಜಾಲ ಬೇಕು, ಜಿಂಜರ್‌ಬ್ರೆಡ್ ಗೋಡೆಗೆ ಬೇಡ. ಹಿಗ್ಗಿದ ಜಾಲ ಓವನ್‌ನಲ್ಲಿ ಕುಗ್ಗುವುದರಿಂದ ಅಳೆದು ಕತ್ತರಿಸಿದ ಆಯತ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲಿ ನೀರು ಕಡಿಮೆ, ಸಕ್ಕರೆ ಮತ್ತು ಬೆಣ್ಣೆ ಹೆಚ್ಚು. ಇರುವ ಅಲ್ಪ ನೀರನ್ನು ಸಕ್ಕರೆ ತನ್ನತ್ತ ಸೆಳೆದುಕೊಳ್ಳುತ್ತದೆ, ಬೆಣ್ಣೆ ಹಿಟ್ಟಿನ ಕಣಗಳಿಗೆ ಲೇಪವಾಗುತ್ತದೆ. ನೀರಿನ ಅಭಾವದಿಂದ ಪಿಷ್ಟದ ಕಣಗಳೂ ಗಂಜಿಯಂತೆ ಉಬ್ಬದೆ ಬಹುಪಾಲು ಹಾಗೆಯೇ ಉಳಿಯುತ್ತವೆ.

ಹಾಗಾದರೆ ಗಡಸುತನ ಎಲ್ಲಿಂದ ಬಂತು? ಓವನ್‌ನಿಂದ ಆಗತಾನೆ ಹೊರಬಂದ ಬಿಸ್ಕತ್ತನ್ನು ಮುಟ್ಟಿ ನೋಡಿದವರಿಗೆ ಸುಳಿವು ಸಿಕ್ಕಿರುತ್ತದೆ. ಅದು ಮೆತ್ತಗಿರುತ್ತದೆ, ಬಾಗುತ್ತದೆ. ತಣ್ಣಗಾದಂತೆ ಗಡುಸಾಗಿ, ಮುರಿದರೆ ‘ಟಕ್’ ಎನ್ನುತ್ತದೆ. ನೀರು ಬಹುಪಾಲು ಆವಿಯಾದ ಮೇಲೆ ಹಿಟ್ಟಿನ ಕಣಗಳ ನಡುವೆ ಉಳಿದ ದಪ್ಪ ಸಕ್ಕರೆ ಪಾಕ ತಣ್ಣಗಾಗುವಾಗ ಹರಳುಗಟ್ಟದೆ ಗಾಜಾಗುತ್ತದೆ. ಅಣುಗಳು ದ್ರವದಲ್ಲಿದ್ದಂತೆಯೇ ಅಡ್ಡಾದಿಡ್ಡಿಯಾಗಿರುತ್ತವೆ, ಆದರೆ ಚಲಿಸಲಾರವು. ಕಡಲೆಕಾಯಿ ಚಿಕ್ಕಿಯಲ್ಲಿ ಕಡಲೆಬೀಜಗಳನ್ನು ಹಿಡಿದಿಡುವ ಹೊಳಪಿನ ವಸ್ತುವೂ ಇಂಥದೇ.

ಗಾಜು ಮೆತ್ತಗಾಗಲು ತೊಡಗುವ ಉಷ್ಣತೆಗೆ ಗಾಜು ಸಂಕ್ರಮಣ ಉಷ್ಣತೆ ಎನ್ನುತ್ತಾರೆ. ನಾವು ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ಪೂರ್ತಿ ಒಣಗಿದ್ದಾಗ ಇದು 60 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು. ಕೊಠಡಿಯ ಉಷ್ಣತೆ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಗಾಜು ಭದ್ರ. ಆದರೆ ಈ ಗಾಜಿಗೆ ಶೇ. 5ರ ಆಸುಪಾಸಿನಲ್ಲಿ ನೀರು ಸೇರಿದರೆ ಸಾಕು, ಸಂಕ್ರಮಣ ಉಷ್ಣತೆ ಕೊಠಡಿಯ ಉಷ್ಣತೆಗೇ ಇಳಿಯುತ್ತದೆ. ನೀರಿನ ಪುಟ್ಟ ಅಣುಗಳು ಸಕ್ಕರೆಯ ದೊಡ್ಡ ಅಣುಗಳ ನಡುವೆ ನುಸುಳಿ ಅವುಗಳಿಗೆ ಜಾರುವ ಅವಕಾಶ ಕೊಡುತ್ತವೆ. ಆಗ ಗೋಡೆ ಮುರಿಯುವುದಿಲ್ಲ, ನಿಧಾನವಾಗಿ ಬಾಗುತ್ತದೆ. ಚಾವಣಿಯ ನಡುಭಾಗ ಜೋತುಬಿದ್ದ ಮನೆಯಲ್ಲಿ ನಡೆದಿರುವುದು ಇದೇ.

ಜೇನಿನ ಸಮಸ್ಯೆ

ಎಲ್ಲ ಸಕ್ಕರೆಗಳೂ ಒಂದೇ ಅಲ್ಲ. ಜೇನಿನಲ್ಲಿ ಹೆಚ್ಚಾಗಿರುವ ಫ್ರಕ್ಟೋಸ್ ಒಣಗಿದ್ದಾಗಲೂ ಅದರ ಸಂಕ್ರಮಣ ಉಷ್ಣತೆ ಸುಮಾರು 5 ಡಿಗ್ರಿ ಮಾತ್ರ. ಎಂದರೆ ಕೊಠಡಿಯಲ್ಲಿ ಅದು ಗಾಜಾಗಿ ನಿಲ್ಲಲಾರದು. ಗ್ಲೂಕೋಸ್‌ನದು 30 ಡಿಗ್ರಿಯ ಆಸುಪಾಸು. ಮೇಲಾಗಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60 ದಾಟುತ್ತಿದ್ದಂತೆ ಫ್ರಕ್ಟೋಸ್ ಹರಳುಗಳು ತೇವ ಹೀರಿ ಕರಗತೊಡಗುತ್ತವೆ. ಸುಕ್ರೋಸ್ ಹರಳುಗಳು ಸುಮಾರು ಶೇ. 85ರವರೆಗೆ ತಡೆದುಕೊಳ್ಳುತ್ತವೆ. ಜೇನು ಹಾಕಿದ ಲೆಬ್‌ಕುಕನ್ ತಿಂಗಳುಗಟ್ಟಲೆ ಮೃದುವಾಗಿ ಉಳಿಯುವ ಗುಟ್ಟು ಇದು. ತಿನ್ನುವವರಿಗೆ ಇದು ಗುಣ, ಕಟ್ಟುವವರಿಗೆ ದೋಷ.

ಹೀಗಾಗಿ ಮನೆಯ ಕಣಕಕ್ಕೆ ಸಿಹಿಯ ಬಹುಪಾಲು ಸಾಮಾನ್ಯ ಸಕ್ಕರೆಯಿಂದಲೇ ಬರಬೇಕು. ಕಾಕಂಬಿ, ಜೋನಿಬೆಲ್ಲ, ಜೇನು ಬಣ್ಣಕ್ಕೆ ಮತ್ತು ಪರಿಮಳಕ್ಕೆ ಬೇಕಾದಷ್ಟು ಸಾಕು. ಮೈದಾ 500 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 100 ಗ್ರಾಂ, ಕಾಕಂಬಿ ಅಥವಾ ಜೋನಿಬೆಲ್ಲ 100 ಗ್ರಾಂ, ಎರಡು ಚಿಕ್ಕ ಚಮಚ ಒಣಶುಂಠಿ ಪುಡಿ, ಸ್ವಲ್ಪ ದಾಲ್ಚಿನ್ನಿ ಮತ್ತು ಲವಂಗ, ಅರ್ಧ ಚಿಕ್ಕ ಚಮಚ ಅಡುಗೆ ಸೋಡ: ಒಂದು ಪುಟ್ಟ ಮನೆಗೆ ಇದು ಒಳ್ಳೆಯ ಅಳತೆ. ಸಕ್ಕರೆ, ಬೆಣ್ಣೆ, ಬೆಲ್ಲಗಳನ್ನು ಸುಮಾರು 80 ಮಿ.ಲೀ. ನೀರಿನಲ್ಲಿ ಬಿಸಿಮಾಡಿ ಕರಗಿಸಿ, ಆರಿಸಿ, ಹಿಟ್ಟಿಗೆ ಸೇರಿಸಬೇಕು. ಕಣಕ ಕೂಡಿಕೊಂಡರೆ ಸಾಕು, ಹೆಚ್ಚು ನಾದಬಾರದು.

ಅಡುಗೆ ಸೋಡ ಎಂದೆವು. ಯೂರೋಪಿನ ಹಳೆಯ ಪದ್ಧತಿಯಲ್ಲಿ ಬಳಸುತ್ತಿದ್ದುದು ಪೊಟ್ಯಾಸಿಯಂ ಕಾರ್ಬೊನೇಟ್ ಅಥವಾ ಜಿಂಕೆಯ ಕೊಂಬಿನಿಂದ ಬಟ್ಟಿ ಇಳಿಸುತ್ತಿದ್ದ ಅಮೋನಿಯಂ ಲವಣ. ಇಂದು ಎರಡನೆಯದರ ಬದಲು ಕಾರ್ಖಾನೆಯ ಅಮೋನಿಯಂ ಬೈಕಾರ್ಬೊನೇಟ್ ಬಂದಿದೆ. ನಮ್ಮ ಬೇಕರಿಗಳಲ್ಲೂ ಇದರ ಬಳಕೆ ಉಂಟು. ಬಿಸಿಯಾದಾಗ ಅದು ಅಮೋನಿಯ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಒಡೆದು, ಏನನ್ನೂ ಉಳಿಸದೆ ಹೋಗುತ್ತದೆ. ತೆಳ್ಳಗಿನ ಒಣ ಬಿಸ್ಕತ್ತಿಗೆ ಇದಕ್ಕಿಂತ ಚೊಕ್ಕ ವಸ್ತು ಇಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು.

ಆ ಭಾವನೆ 2002ರಲ್ಲಿ ಅಲುಗಾಡಿತು. ಹಿಟ್ಟು, ಆಲೂಗಡ್ಡೆಗಳಂಥ ಪಿಷ್ಟಭರಿತ ಪದಾರ್ಥಗಳನ್ನು ಹುರಿದಾಗ, ಬೇಯಿಸಿದಾಗ ಅಕ್ರಿಲಮೈಡ್ ಎಂಬ ಸಂಯುಕ್ತ ಉಂಟಾಗುತ್ತದೆ ಎಂದು ಆ ವರ್ಷ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಪಟ್ಟಿಗೆ ಅದು 1994ರಲ್ಲೇ ಸೇರಿತ್ತು. ಹಿಟ್ಟಿನಲ್ಲಿರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲ ಮತ್ತು ಗ್ಲೂಕೋಸ್, ಫ್ರಕ್ಟೋಸ್‌ಗಳಂಥ ಅಪಕರ್ಷಕ ಸಕ್ಕರೆಗಳು ಸುಮಾರು 120 ಡಿಗ್ರಿಗಿಂತ ಮೇಲೆ ವರ್ತಿಸಿದಾಗ ಅದು ಹುಟ್ಟುತ್ತದೆ. ಬಿಸ್ಕತ್ತಿಗೆ ಕಂದು ಬಣ್ಣ, ಘಮ ಕೊಡುವ ಮೇಲಾರ್ಡ್ ಕ್ರಿಯೆಯ ಕವಲೇ ಇದು. ಜೇನು, ಹಿಟ್ಟು, ಅಮೋನಿಯಂ ಲವಣ ಮೂರೂ ಸೇರುವ ಜಿಂಜರ್‌ಬ್ರೆಡ್ ಅನುಮಾನಕ್ಕೆ ಗುರಿಯಾದದ್ದು ಸಹಜ. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೋನಿಯಂ ಬೈಕಾರ್ಬೊನೇಟ್ ಅಕ್ರಿಲಮೈಡನ್ನು ಬಹಳವಾಗಿ ಹೆಚ್ಚಿಸುವುದು ಕಂಡುಬಂತು. ಅದರ ಬದಲು ಅಡುಗೆ ಸೋಡ ಬಳಸಿದಾಗ ಪ್ರಮಾಣ ಶೇ. 60ಕ್ಕೂ ಹೆಚ್ಚು ತಗ್ಗಿತು. ಜೇನು ಮತ್ತು ಅಂಥ ಪಾಕಗಳ ಬದಲು ಸುಕ್ರೋಸ್ ಬಳಸಿದಾಗಲೂ ಗಣನೀಯವಾಗಿ ಇಳಿಯಿತು. ಯೂರೋಪಿಯನ್ ಒಕ್ಕೂಟದ 2017ರ ನಿಯಮ ಜಿಂಜರ್‌ಬ್ರೆಡ್ಡಿಗೆ ಕಿಲೋಗ್ರಾಂಗೆ 800 ಮೈಕ್ರೊಗ್ರಾಂ ಅಕ್ರಿಲಮೈಡಿನ ಮಾನದಂಡ ಮಟ್ಟವನ್ನು ನಮೂದಿಸಿತು. ಬಿಸ್ಕತ್ತಿಗೆ ಇದು 350.

ಇಲ್ಲೊಂದು ಸಂತೋಷದ ಸಂಗತಿ ಇದೆ. ಗೋಡೆಗೆ ಬಲ ಕೊಡುವ ಬದಲಾವಣೆಯೇ, ಅಂದರೆ ಜೇನು ಕಡಿಮೆ ಮಾಡಿ ಸಕ್ಕರೆ ಹೆಚ್ಚಿಸುವುದೇ, ಅಕ್ರಿಲಮೈಡನ್ನೂ ತಗ್ಗಿಸುತ್ತದೆ. ತಿನ್ನುವ ಉದ್ದೇಶವೂ ಇದ್ದರೆ ಕಡುಕಂದು ಆಗುವವರೆಗೆ ಕಾಯಬಾರದು. ಸೋಡ ಹೆಚ್ಚಾದರೆ ಉಳಿಯುವ ಸೋಡಿಯಂ ಕಾರ್ಬೊನೇಟ್ ಸಾಬೂನಿನ ರುಚಿ ಕೊಡುತ್ತದೆ ಎಂಬುದನ್ನೂ ನೆನಪಿಡಬೇಕು.

ಒಂದು ದಿನ ಕಾದು ನೋಡಿ

ಮೊದಲು ಗೋಡೆ, ಚಾವಣಿಗಳ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಬೇಕು. ಕಣಕವನ್ನು 5–6 ಮಿ.ಮೀ. ದಪ್ಪಕ್ಕೆ ಲಟ್ಟಿಸಬೇಕು. ಹಲಗೆಯೊಂದು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ, 3 ಮಿ.ಮೀ. ಹಲಗೆಗೆ ಹೋಲಿಸಿದರೆ 6 ಮಿ.ಮೀ. ಹಲಗೆಯದು ಎಂಟು ಪಟ್ಟು, ತೂಕ ಮಾತ್ರ ಎರಡು ಪಟ್ಟು. ಸುಮಾರು 170 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ, ಬಿಸಿಯಾಗಿರುವಾಗಲೇ ರಟ್ಟಿನ ಅಳತೆಗೆ ಅಂಚುಗಳನ್ನು ಸವರಬೇಕು. ಗಾಜಾದ ಮೇಲೆ ಚಾಕು ಹಾಕಿದರೆ ಒಡೆಯುತ್ತದೆ.

ಈಗ ಅವಸರ ಕೂಡದು. ಚೆನ್ನಾಗಿ ಬೆಂದ ಹಲಗೆಯಲ್ಲೂ ಕೆಲವು ಗಂಟೆಗಳ ಮೇಲೆ ಕೂದಲೆಳೆಯಂಥ ಬಿರುಕು ತಾನಾಗಿ ಮೂಡಬಹುದು. ಓವನ್‌ನಿಂದ ಬಂದಾಗ ಅಂಚು ಹೆಚ್ಚು ಒಣಗಿರುತ್ತದೆ, ನಡುಭಾಗದಲ್ಲಿ ತೇವ ಉಳಿದಿರುತ್ತದೆ. ಬಳಿಕ ಅಂಚು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ನಡುಭಾಗ ತೇವ ಕಳೆದುಕೊಂಡು ಕುಗ್ಗುತ್ತದೆ. ಎರಡರ ಎಳೆದಾಟದಲ್ಲಿ ಹಲಗೆ ಸೀಳುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಲೇಸರ್ ಬೆಳಕಿನ ನೆರವಿನಿಂದ ಬಿಸ್ಕತ್ತಿನ ಮೇಲ್ಮೈಯ ಈ ಅತಿಸೂಕ್ಷ್ಮ ಚಲನೆಯನ್ನು ಅಳೆದು ತೋರಿಸಿದರು. ಬಿಸ್ಕತ್ತು ಕಾರ್ಖಾನೆಗಳಿಗೆ ಇದು ನಷ್ಟದ ಪ್ರಶ್ನೆ. ಮನೆ ಕಟ್ಟುವವರಿಗೆ ಪರಿಹಾರ ಸುಲಭ: ಬೇಯಿಸಿದ ದಿನ ಕಟ್ಟಬೇಡಿ. ಮರುದಿನದವರೆಗೆ ಜಾಲರಿಯ ಮೇಲಿಟ್ಟು, ಒಡೆಯುವುದೇ ಇದ್ದರೆ ನೆಲದ ಮೇಲೇ ಒಡೆಯಲಿ ಎಂದು ಬಿಡಿ.

ಸಕ್ಕರೆಯ ಗಾರೆ

ಗೋಡೆಗಳನ್ನು ಬೆಸೆಯುವುದು ಮೊಟ್ಟೆಯ ಬಿಳಿಭಾಗ ಮತ್ತು ಐಸಿಂಗ್ ಸಕ್ಕರೆ ಸೇರಿದ ರಾಯಲ್ ಐಸಿಂಗ್. ನೋಡಲು ಅಂಟಿನಂತಿದ್ದರೂ ಇದರ ವರ್ತನೆ ಗಾರೆಯದು. ಲೆಕ್ಕ ಹಾಕೋಣ. ಒಂದು ಮೊಟ್ಟೆಯ ಬಿಳಿಭಾಗ ಸುಮಾರು 30 ಗ್ರಾಂ, ಅದರಲ್ಲಿ ಶೇ. 88ರಷ್ಟು, ಅಂದರೆ ಸುಮಾರು 26 ಗ್ರಾಂ ನೀರು. ಕೊಠಡಿಯ ಉಷ್ಣತೆಯಲ್ಲಿ 1 ಗ್ರಾಂ ನೀರಿನಲ್ಲಿ ಸುಮಾರು 2 ಗ್ರಾಂ ಸಕ್ಕರೆ ಕರಗುತ್ತದೆ. ಆದ್ದರಿಂದ ಕರಗಬಲ್ಲದ್ದು ಹೆಚ್ಚೆಂದರೆ 52 ಗ್ರಾಂ. ನಾವು ಹಾಕುವುದು 180 ಗ್ರಾಂ! ಮಿಕ್ಕ 128 ಗ್ರಾಂ ಕರಗದೆ ನುಣುಪು ಮರಳಿನಂತೆ ಉಳಿಯುತ್ತದೆ. ಒಣಗುವಾಗ ಕರಗಿದ ಸಕ್ಕರೆ ಈ ಕಣಗಳ ಮೇಲೆಯೇ ಹರಳುಗಟ್ಟಿ ಒಂದಕ್ಕೊಂದು ಸೇತುವೆ ಕಟ್ಟುತ್ತದೆ. ಗೋಡೆಯಲ್ಲಿ ಗಾಜು, ಕೀಲಿನಲ್ಲಿ ಹರಳು. ಒಂದೇ ಸಕ್ಕರೆಯ ಎರಡು ಅವತಾರ.

ಹಾಗಾದರೆ ಬರೀ ನೀರು ಸಾಲದೆ, ಮೊಟ್ಟೆ ಏಕೆ? ಕಡೆದಾಗ ಬಿಳಿಭಾಗದ ಪ್ರೋಟೀನುಗಳ ಸುರುಳಿ ಬಿಚ್ಚಿಕೊಂಡು ಗಾಳಿಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತವೆ. ಆಗ ಐಸಿಂಗ್ ಹರಿಯದೆ ಹಚ್ಚಿದಲ್ಲೇ ನಿಲ್ಲುತ್ತದೆ. ಒಣಗಿದ ಪೊರೆ ಹರಳುಗಳನ್ನು ಇನ್ನಷ್ಟು ಹಿಡಿದಿಡುತ್ತದೆ. ನಾಲ್ಕಾರು ಹನಿ ನಿಂಬೆರಸ ನೊರೆಯನ್ನು ಸ್ಥಿರಗೊಳಿಸುತ್ತದೆ. ಹಳದಿಯ ಚೂರಾಗಲಿ, ಪಾತ್ರೆಯ ಎಣ್ಣೆ ಜಿಡ್ಡಾಗಲಿ ಸೇರಿದರೆ ನೊರೆ ಏಳುವುದಿಲ್ಲ. ಕೇಕಿನ ಐಸಿಂಗ್ ಮೃದುವಾಗಿರಲೆಂದು ಬೆರೆಸುವ ಗ್ಲಿಸರಿನ್ ಇಲ್ಲಿ ಸರ್ವಥಾ ಬೇಡ. ಅದು ತೇವ ಹಿಡಿದಿಟ್ಟು ಗಾರೆ ಗಟ್ಟಿಯಾಗದಂತೆ ಮಾಡುತ್ತದೆ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು. ಸಕ್ಕರೆಯ ಸಾಂದ್ರತೆ ಅವು ಬೆಳೆಯದಂತೆ ತಡೆದರೂ ಕೊಲ್ಲುತ್ತದೆಂಬ ಭರವಸೆ ಇಲ್ಲ. ಮಕ್ಕಳು ಮನೆಯನ್ನು ತಿನ್ನುವುದಿದ್ದರೆ ಪಾಶ್ಚರೀಕರಿಸಿದ ಮೊಟ್ಟೆಬಿಳಿಯ ಪುಡಿಯನ್ನೇ ಬಳಸಬೇಕು. ಇದರಲ್ಲಿ ರಾಜಿ ಸಲ್ಲದು. ಮೊಟ್ಟೆ ಬೇಡವೆನ್ನುವವರು ಸಕ್ಕರೆಯನ್ನು ಕರಗಿಸಿ ಅಂಟಿನಂತೆ ಬಳಸುವುದುಂಟು. ಕ್ಷಣದಲ್ಲಿ ಗಟ್ಟಿಯಾಗುವ ಬಲವಾದ ಬೆಸುಗೆ ಅದು. ಆದರೆ 160 ಡಿಗ್ರಿಗೂ ಮೀರಿದ ಪಾಕ ಚರ್ಮಕ್ಕೆ ಮೆತ್ತಿಕೊಂಡೇ ಸುಡುತ್ತದೆ, ಕುದಿನೀರಿಗಿಂತ ಅಪಾಯಕಾರಿ. ಮಕ್ಕಳ ಕೈಗೆ ಕೊಡಲೇಬಾರದು.

ಚಾವಣಿ ಮತ್ತು ಕೋನ

ನಾಲ್ಕು ಗೋಡೆಗಳನ್ನು ನಿಲ್ಲಿಸಿ, ಒಳಗೂ ಹೊರಗೂ ಡಬ್ಬಿಗಳ ಆಸರೆ ಕೊಟ್ಟು ಕೆಲವು ಗಂಟೆ ಒಣಗಲು ಬಿಡಬೇಕು. ಚಾವಣಿ ಆಮೇಲಿನ ಮಾತು. ಏಕೆಂದರೆ ಚಾವಣಿ ಬರೀ ಕೆಳಕ್ಕೆ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ನೆತ್ತಿಯಲ್ಲಿ ಒಂದಕ್ಕೊಂದು ಒರಗಿ, ಪಕ್ಕದ ಗೋಡೆಗಳ ಮೇಲೆ ಕಾಲೂರಿದ ಎರಡು ಸಮ ಹಲಗೆಗಳನ್ನು ಊಹಿಸಿಕೊಳ್ಳಿ. ಒಂದು ಹಲಗೆಯ ತೂಕವನ್ನು ಇಳಿಜಾರಿನ ಕೋನದ ಟ್ಯಾಂಜೆಂಟ್‌ನ ಎರಡರಷ್ಟರಿಂದ ಭಾಗಿಸಿದರೆ ಹೊರನೂಕುವ ಬಲ ಸಿಗುತ್ತದೆ. ಭ್ರಾಮಕಗಳ ನಿಯಮ ಬಲ್ಲ ಪ್ರೌಢಶಾಲಾ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಬಹುದು. ಹಲಗೆ 200 ಗ್ರಾಂ ಇದ್ದು ಕೋನ 30 ಡಿಗ್ರಿಯಾದರೆ ಗೋಡೆಯನ್ನು ಹೊರಕ್ಕೆ ನೂಕುವ ಬಲ ಸುಮಾರು 173 ಗ್ರಾಂ ತೂಕದಷ್ಟು. 45 ಡಿಗ್ರಿಗೆ 100 ಗ್ರಾಂ, 60 ಡಿಗ್ರಿಗೆ 58 ಗ್ರಾಂ. ಚಪ್ಪಟೆ ಚಾವಣಿಯ ಜಿಂಜರ್‌ಬ್ರೆಡ್ ಮನೆಗಳು ಅಪರೂಪವಾಗಿರುವುದಕ್ಕೆ ಚೆಲುವೊಂದೇ ಕಾರಣವಲ್ಲ. ಹಾಗೆಂದು ತೀರ ಕಡಿದಾಗಿಸಿದರೆ ಹಸಿ ಗಾರೆಯ ಮೇಲೆ ಹಲಗೆ ಕೆಳಕ್ಕೆ ಜಾರುತ್ತದೆ. 45–50 ಡಿಗ್ರಿ ಇಟ್ಟುಕೊಂಡು, ಒಣಗುವವರೆಗೆ ಸೂರಿನ ಕೆಳಗೆ ಆಸರೆ ಕೊಡುವುದು ಒಳ್ಳೆಯದು.

ಅಲಂಕಾರದ ಪೆಪ್ಪರ್‌ಮಿಂಟು, ಬಾದಾಮಿ, ಬಣ್ಣದ ಗೋಲಿಗಳೂ ತೂಕವೇ. ಚಾವಣಿಯ ಒಂದೊಂದು ಹಲಗೆಗೂ 100 ಗ್ರಾಂ ಮಿಠಾಯಿ ಅಂಟಿಸಿದರೆ ಮೇಲಿನ ಲೆಕ್ಕದ ಬಲಗಳೆಲ್ಲ ಒಂದೂವರೆ ಪಟ್ಟಾಗುತ್ತವೆ. ಹಲಗೆಗಳನ್ನು ನೆಲದ ಮೇಲೆ ಮಲಗಿಸಿಯೇ ಅಲಂಕರಿಸಿ, ಒಣಗಿಸಿ, ಆಮೇಲೆ ಏರಿಸಿದರೆ ಕೈ ಒತ್ತಡವಾದರೂ ತಪ್ಪುತ್ತದೆ. ಕಿಟಕಿಗೆ ಮಾತ್ರ ಕಥೆಯ ವಿಧಾನವೇ ಸರಿ: ಬೆಂದ ಗೋಡೆಯ ಕಿಂಡಿಯಲ್ಲಿ ಗಟ್ಟಿ ಮಿಠಾಯಿಯ ಪುಡಿ ತುಂಬಿ ಕೆಲವೇ ನಿಮಿಷ ಮತ್ತೆ ಓವನ್‌ನಲ್ಲಿಟ್ಟರೆ ಅದು ಕರಗಿ ಪಾರದರ್ಶಕ ಹಾಳೆಯಾಗುತ್ತದೆ. ಸಕ್ಕರೆಯ ಹರಳು ಕರಗಲು 180 ಡಿಗ್ರಿ ದಾಟಬೇಕು. ಮಿಠಾಯಿ ಆಗಲೇ ಗಾಜಾದ್ದರಿಂದ ಬಹಳ ಮೊದಲೇ ಹರಿಯುತ್ತದೆ.

ಒಳಗಿನ ಗಾಳಿ

ನಾರ್ವೆಯ ಬರ್ಗೆನ್ ಮಳೆಗೆ ಹೆಸರಾದ ಊರು. ಆದರೂ 1991ರಿಂದ ಅಲ್ಲಿ ಚಳಿಗಾಲದಲ್ಲಿ ಜಿಂಜರ್‌ಬ್ರೆಡ್ ಮನೆಗಳ ಇಡೀ ಪಟ್ಟಣವನ್ನೇ ಕಟ್ಟಿ ಪ್ರದರ್ಶಿಸುತ್ತಾರೆ. ಮಳೆಯೂರಿನಲ್ಲಿ ಇದು ಹೇಗೆ ಸಾಧ್ಯ? ಹೊರಗೆ ಶೂನ್ಯ ಡಿಗ್ರಿ, ಗಾಳಿ ತೇವದಿಂದ ತುಂಬಿ ಆರ್ದ್ರತೆ ಶೇ. 100 ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿ 5 ಗ್ರಾಂಗಿಂತ ಕಡಿಮೆ. ಆ ಗಾಳಿ ಕಟ್ಟಡದೊಳಕ್ಕೆ ಬಂದು 20 ಡಿಗ್ರಿಗೆ ಬಿಸಿಯಾಯಿತೆನ್ನಿ. ಆ ಉಷ್ಣತೆಯಲ್ಲಿ ಗಾಳಿ ಸುಮಾರು 17 ಗ್ರಾಂ ಹಿಡಿಯಬಲ್ಲದು. ಆದ್ದರಿಂದ ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 30ಕ್ಕೂ ಕೆಳಗೆ ಇಳಿಯುತ್ತದೆ. ಉತ್ತರ ದೇಶಗಳ ಬೆಚ್ಚಗಿನ ಕೊಠಡಿ ಚಳಿಗಾಲದಲ್ಲಿ ಒಂದು ಒಣಪೆಟ್ಟಿಗೆ. ಈ ಮನೆಗಳು ಅಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದಕ್ಕೆ ಹಬ್ಬದಷ್ಟೇ ಹವೆಯೂ ಕಾರಣವೆಂದು ಹೇಳಬಹುದು.

ನಮ್ಮಲ್ಲಿ ಡಿಸೆಂಬರ್‌ನಲ್ಲೂ ಯಾರೂ ಕೊಠಡಿಯನ್ನು ಬಿಸಿಮಾಡುವುದಿಲ್ಲ. ಹೊರಗಿನ ಗಾಳಿಯೇ ಒಳಗಿನ ಗಾಳಿ. ಮಂಗಳೂರಿನಂಥ ಕರಾವಳಿಯಲ್ಲಿ 25 ಡಿಗ್ರಿ, ಶೇ. 75 ಆರ್ದ್ರತೆ ಎಂದರೆ ಘನ ಮೀಟರಿಗೆ 17 ಗ್ರಾಂ ನೀರಾವಿ. ಅಂಥಲ್ಲಿ ಕಟ್ಟಿದ ಮನೆಯನ್ನು ಹಗಲು ಮೇಜಿನ ಮೇಲಿಟ್ಟರೂ ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕಾದೀತು. ಫ್ರಿಜ್ಜಿನಲ್ಲಿ ಇಡುವುದು ತಪ್ಪು. ಹೊರತೆಗೆದ ಕೂಡಲೇ ತಣ್ಣನೆಯ ಗೋಡೆಯ ಮೇಲೆ ಇಬ್ಬನಿ ಕೂರುತ್ತದೆ.

ಮನೆ ಕಟ್ಟದೆಯೂ ಇದನ್ನು ಶಾಲೆಯಲ್ಲಿ ಪರೀಕ್ಷಿಸಬಹುದು. ಬಿಗಿಮುಚ್ಚಳದ ಮೂರು ಅಗಲ ಬಾಟಲಿಗಳು ಬೇಕು. ಒಂದರ ತಳದಲ್ಲಿ ಸಿಲಿಕಾ ಜೆಲ್, ಇನ್ನೊಂದರಲ್ಲಿ ಕರಗದ ಉಪ್ಪು ತಳದಲ್ಲಿ ಕಾಣುವಷ್ಟು ಉಪ್ಪು ಬೆರೆಸಿದ ನೀರು, ಮೂರನೆಯದರಲ್ಲಿ ಬರೀ ನೀರು. ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ ತನ್ನ ಮೇಲಿನ ಗಾಳಿಯನ್ನು ಶೇ. 75 ಆರ್ದ್ರತೆಯಲ್ಲಿ ಹಿಡಿದಿಡುತ್ತದೆ. ಪ್ರತಿಯೊಂದರಲ್ಲೂ ದ್ರವ ತಾಗದಂತೆ ಪುಟ್ಟ ಜಾಲರಿಯ ಮೇಲೆ ತೂಗಿದ ಬಿಸ್ಕತ್ತು ಮತ್ತು ಚಿಕ್ಕಿಯ ತುಣುಕುಗಳನ್ನು ಇಡಿ. ದಿನಕ್ಕೊಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ನಾಲ್ಕನೆಯ ದಿನ ಬಿಸ್ಕತ್ತನ್ನು ಎರಡು ಪೆನ್ಸಿಲ್‌ಗಳ ಮೇಲೆ ಸೇತುವೆಯಂತಿಟ್ಟು ನಡುವೆ ಒಂದೊಂದೇ ನಾಣ್ಯ ಹೇರಿ. ಯಾವುದು ‘ಟಕ್’ ಎಂದು ಮುರಿಯಿತು, ಯಾವುದು ಸದ್ದಿಲ್ಲದೆ ಬಾಗಿತು ಎಂಬುದನ್ನು ತೂಕದ ಪಟ್ಟಿಯ ಪಕ್ಕದಲ್ಲಿ ಗುರುತಿಸಿ. ಮಾಡಲು ಸಾಧ್ಯವಾದರೆ ಬರೀ ಸಕ್ಕರೆಯ ಬಿಸ್ಕತ್ತನ್ನೂ ಜೇನು ಸೇರಿದ ಬಿಸ್ಕತ್ತನ್ನೂ ಒಂದೇ ಬಾಟಲಿಯಲ್ಲಿಟ್ಟು ಹೋಲಿಸಿ. ಉಪ್ಪುನೀರಿನ ಬಾಟಲಿಯಲ್ಲಿ ಇವೆರಡರ ವ್ಯತ್ಯಾಸ ಚೆನ್ನಾಗಿ ಕಾಣಬೇಕು, ಏಕೆಂದರೆ ಶೇ. 75 ಎಂಬುದು ಫ್ರಕ್ಟೋಸ್ ಕರಗತೊಡಗುವ ಮಟ್ಟಕ್ಕಿಂತ ಮೇಲೆ, ಸುಕ್ರೋಸ್ ಹರಳು ಕರಗುವ ಮಟ್ಟಕ್ಕಿಂತ ಕೆಳಗೆ ಇದೆ.